ಎರಡು ವರ್ಷದ ಗಿರಿರಾಜ ಹೇಟೆ ಮೇವು ಬಿಟ್ಟು ಕೂತಿದೆ, ಬದುಕಿಸಬಹುದೇ?

ನೀವು ಬರೆದದ್ದು ಇಷ್ಟು: ಹಿತ್ತಲಲ್ಲಿ ಆರು ಕೋಳಿ, ಅದರಲ್ಲಿ ಎರಡು ವರ್ಷದ ಗಿರಿರಾಜ ಹೇಟೆ ನಿನ್ನೆಯಿಂದ ಮೇವು ಮುಟ್ಟಿಲ್ಲ. ಗರಿ ಕೆದರಿಕೊಂಡು ಕಣ್ಣು ಮುಚ್ಚಿ ಮೂಲೆ ಹಿಡಿದಿದೆ. ಹಿಕ್ಕೆ ಹಸಿರು, ಬಿಳಿ ಬೆರೆತು ನೀರಾಗಿದೆ. ಸಾಯುವ ಮೊದಲು ಕೊಯ್ದುಬಿಡಿ ಎನ್ನುತ್ತಾರೆ ಪಕ್ಕದ ಮನೆಯವರು, ಮಕ್ಕಳು ಅಳುತ್ತಿದ್ದಾರೆ.

ಕೊಯ್ಯಬೇಡಿ. ಯಾವ ರೋಗವೆಂದು ತಿಳಿಯದ ಕೋಳಿಯನ್ನು ಕೊಯ್ದು ಪುಕ್ಕ ಕಿತ್ತರೆ ರಕ್ತ, ಹಿಕ್ಕೆ, ಕರುಳು ಎಲ್ಲ ಅಂಗಳಕ್ಕೆ ಬೀಳುತ್ತದೆ. ಉಳಿದ ಐದು ಅದನ್ನೇ ಕೆದಕಿ ತಿನ್ನುತ್ತವೆ. ಕೊಯ್ದವರ ಕೈಗೂ ಕಣ್ಣಿಗೂ ಒಳ್ಳೆಯದಲ್ಲ.

ಬದುಕಿಯೇ ಬದುಕುತ್ತದೆ ಎಂದು ನಾನು ಮಾತು ಕೊಡಲಾರೆ. ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ಮುಚ್ಚಿಡುವ ಜೀವ. ಸೊರಗಿದ್ದು ಕಂಡರೆ ಜೊತೆಯವೇ ಕುಕ್ಕುತ್ತವೆ. ಹಾಗಾಗಿ ಅದು ತೂಕಡಿಸುತ್ತಿರುವುದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಮೈಯಲ್ಲಿದ್ದ ಶಕ್ತಿ ಬಹುಪಾಲು ಕರಗಿರುತ್ತದೆ. ಇಂಥ ಸ್ಥಿತಿಯಲ್ಲಿ ರೋಗದ ಜೊತೆಗೆ ಚಳಿ ಮತ್ತು ನೀರಡಿಕೆ ಸೇರಿಯೇ ಕೋಳಿಯನ್ನು ಕೊಲ್ಲುವುದು. ಅವೆರಡನ್ನು ತಡೆಯಲು ಡಾಕ್ಟರು ಬರುವ ತನಕ ಕಾಯಬೇಕಿಲ್ಲ, ಈಗಲೇ ಶುರು ಮಾಡಿ.

ಮೊದಲು ಅದನ್ನು ಉಳಿದವುಗಳಿಂದ ದೂರ ತನ್ನಿ. ಒಂದು ರಟ್ಟಿನ ಪೆಟ್ಟಿಗೆ ಸಾಕು. ತಳಕ್ಕೆ ಗೋಣಿಚೀಲ, ಅದರ ಮೇಲೆ ಹಳೇ ಬಿಳಿ ಬಟ್ಟೆ ಹಾಸಿ. ಬಿಳಿ ಯಾಕೆಂದರೆ ಹಿಕ್ಕೆಯ ಬಣ್ಣ ಸರಿಯಾಗಿ ಕಾಣುತ್ತದೆ. ಆರೋಗ್ಯವಾಗಿರುವ ಕೋಳಿಯ ಮೈ ಸುಮಾರು 41 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ, ನಮಗಿಂತ ನಾಲ್ಕು ಡಿಗ್ರಿ ಹೆಚ್ಚು. ಹೊಟ್ಟೆಗೆ ಇಲ್ಲದಾಗ ಅಷ್ಟು ಬಿಸಿ ಉಳಿಸಿಕೊಳ್ಳುವುದು ಅದಕ್ಕೆ ಆಗುವುದಿಲ್ಲ, ಗರಿ ಕೆದರುವುದೇ ಅದಕ್ಕೆ. ಪೆಟ್ಟಿಗೆಯ ಒಂದು ಬದಿಗೆ ಮಾತ್ರ 60 ವ್ಯಾಟಿನ ಹಳೇ ಕಾಲದ ಬಲ್ಬು ಇಳಿಬಿಡಿ, ಬಟ್ಟೆಗೂ ರಟ್ಟಿಗೂ ತಾಗದಂತೆ. ಎಲ್‌ಇಡಿ ಬಲ್ಬಿನಿಂದ ಪ್ರಯೋಜನವಿಲ್ಲ, ಅದು ಬೆಳಕು ಕೊಟ್ಟೀತು, ಕಾವು ಕೊಡದು. ನಮ್ಮ ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕರೆಂಟು ನೆಚ್ಚಿಕೊಳ್ಳುವ ಹಾಗಿಲ್ಲ. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಪಕ್ಕಕ್ಕಿಟ್ಟು, ಆರಿದಂತೆ ಬದಲಾಯಿಸುತ್ತೇವೆ. ಪೆಟ್ಟಿಗೆಯೊಳಗೆ 28ರಿಂದ 30 ಡಿಗ್ರಿ ಇದ್ದರೆ ಸಾಕು. ಕೊಕ್ಕು ತೆರೆದು ಏದುತ್ತಿದ್ದರೆ ಬಿಸಿ ಹೆಚ್ಚಾಗಿದೆಯೇ ಎಂದು ಮೊದಲು ನೋಡಿ.

ಮೈ ಬೆಚ್ಚಗಾದ ಮೇಲೆ ನೀರು. ಮೆಡಿಕಲ್ ಸ್ಟೋರಿನ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ, ಉಗುರುಬೆಚ್ಚಗೆ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ದಯವಿಟ್ಟು ಕೊಕ್ಕು ಬಿಡಿಸಿ ಗಂಟಲಿಗೆ ಹುಯ್ಯಬೇಡಿ. ಕೋಳಿಯ ನಾಲಿಗೆಯ ಬುಡದಲ್ಲೇ ಉಸಿರಿನ ದಾರಿ ತೆರೆದುಕೊಂಡಿರುತ್ತದೆ, ನೀರು ನೇರ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಪ್ರಾಣ ಹೋಗುತ್ತದೆ. ತಲೆ ಮೇಲೆತ್ತದೆ, ಇಂಕ್ ಫಿಲ್ಲರಿನಿಂದಲೋ ಸೂಜಿ ತೆಗೆದ ಸಿರಿಂಜಿನಿಂದಲೋ ಕೊಕ್ಕಿನ ಬದಿಗೆ ಒಂದೊಂದೇ ಹನಿ ತಾಗಿಸಿ. ಅದೇ ಚಪ್ಪರಿಸಿ ನುಂಗುತ್ತದೆ. ನುಂಗಿದ್ದು ಕಂಡ ಮೇಲೆ ಇನ್ನೊಂದು ಹನಿ. ಗಂಟೆಗೊಮ್ಮೆ ಹೀಗೆ ಕೂರುವುದು ಬೇಸರದ ಕೆಲಸ ನಿಜ, ಆದರೆ ನಾನು ಕಂಡ ಮಟ್ಟಿಗೆ ಕೋಳಿ ಉಳಿದಿದ್ದರೆ ಈ ಕೆಲಸದಿಂದಲೇ ಉಳಿದಿದೆ. ನಿಮ್ಮ ದೊಡ್ಡ ಮಗುವಿಗೆ ತೋರಿಸಿಕೊಡಿ, ಮಕ್ಕಳ ಕೈ ಇದಕ್ಕೆ ನಮ್ಮದಕ್ಕಿಂತ ಹಗುರ. ಆಮೇಲೆ ಸೋಪು ಹಾಕಿ ಕೈ ತೊಳೆಸಿ.

ಇನ್ನು ಮೈ ತಡವಿ ನೋಡಬೇಕು. ಎದೆಯ ನಡುವಿನ ಮೂಳೆ ಕತ್ತಿಯ ಅಲಗಿನಂತೆ ಕೈಗೆ ಸಿಕ್ಕರೆ ಕಾಯಿಲೆ ನಿನ್ನೆಯದಲ್ಲ, ವಾರಗಳಿಂದ ಒಳಗೇ ಇದೆ. ಕತ್ತಿನ ಬುಡದಲ್ಲಿ ಕಾಳು ತುಂಬುವ ಚೀಲ ಬೆಳಿಗ್ಗೆ ಹೊತ್ತಿಗೆ ಖಾಲಿಯಾಗಿರಬೇಕು. ರಾತ್ರಿಯಿಡೀ ಏನೂ ತಿನ್ನದಿದ್ದರೂ ಅದು ಗಟ್ಟಿಯಾಗಿಯೋ, ನೀರು ತುಂಬಿ ಹುಳಿವಾಸನೆ ಬರುವಂತೆಯೋ ಇದ್ದರೆ ಅಲ್ಲೇ ತೊಂದರೆ. ಆಗ ಮೇವು ಕೊಡಬೇಡಿ. ತಲೆಕೆಳಗೆ ಮಾಡಿ ವಾಂತಿ ಮಾಡಿಸಲು ಹೇಳುವವರಿದ್ದಾರೆ, ಅದು ಕೂಡ ಉಸಿರಿಗೆ ಸಿಕ್ಕಿ ಸಾಯಿಸುವ ಉಪಾಯ. ರೆಕ್ಕೆಯಡಿ, ಬಾಲದ ಬುಡದಲ್ಲಿ ಹೇನು, ಉಣ್ಣೆ ಹುಡುಕಿ. ಜುಟ್ಟು ಬಿಳಿಚಿದ್ದರೆ ಅವು ರಕ್ತ ಹೀರಿರಬಹುದು. ಬಾಲದ ಕೆಳಗೆ ಹಿಕ್ಕೆ ಮೆತ್ತಿಕೊಂಡಿದ್ದರೆ ಬೆಚ್ಚನೆಯ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಇಲ್ಲದಿದ್ದರೆ ನೊಣ ಕೂತು ಹುಳವಾಗುತ್ತದೆ.

ಹೇಟೆಯಾದ್ದರಿಂದ ಮೊಟ್ಟೆ ಸಿಕ್ಕಿಕೊಂಡಿರುವ ಸಾಧ್ಯತೆಯನ್ನೂ ಬಿಡುವಂತಿಲ್ಲ. ಬಾಲ ಇಳಿಬಿಟ್ಟು, ಮತ್ತೆ ಮತ್ತೆ ತಿಣುಕುತ್ತ, ಮೈ ನೆಟ್ಟಗೆ ಮಾಡಿ ನಿಲ್ಲುತ್ತಿದ್ದರೆ ಅದೇ ಇರಬಹುದು. ಹೊಟ್ಟೆಯಿಂದ ಕೆಳಗೆ ಬಿಸುಪಿನ ನೀರಲ್ಲಿ ಕಾಲು ಗಂಟೆ ಕೂರಿಸಿ, ಒರೆಸಿ, ಕತ್ತಲಲ್ಲಿ ಬೆಚ್ಚಗೆ ಬಿಡಿ. ಹೊಟ್ಟೆ ಒತ್ತಬೇಡಿ, ಮೊಟ್ಟೆ ಒಳಗೆ ಒಡೆದರೆ ಉಳಿಸುವುದು ಕಷ್ಟ. ಅಂದೇ ಇಳಿಯದಿದ್ದರೆ ಡಾಕ್ಟರು ಕ್ಯಾಲ್ಸಿಯಂ ಕೊಡಬೇಕಾಗುತ್ತದೆ.

ಹಸಿರು ಹಿಕ್ಕೆ ಎಂದ ಕೂಡಲೇ ಎಲ್ಲರೂ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎನ್ನುತ್ತಾರೆ. ಹೊಟ್ಟೆ ಖಾಲಿಯಿದ್ದು ಪಿತ್ತವಷ್ಟೇ ಇಳಿದರೂ ಹಿಕ್ಕೆ ಹಸಿರಾಗುತ್ತದೆ, ಆದ್ದರಿಂದ ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಜೊತೆಗೆ ಗೊರಗೊರ ಉಸಿರು, ಕತ್ತು ತಿರುಚುವುದು, ರೆಕ್ಕೆ ಕಾಲು ಸೋಲುವುದು, ಒಂದರ ಹಿಂದೆ ಒಂದು ಕೋಳಿ ಮಂಕಾಗುವುದು ಕಂಡರೆ ಆಗ ಅನುಮಾನ ಗಟ್ಟಿ. ಅದು ವೈರಸ್ಸಿನ ರೋಗ, ಬಂದ ಮೇಲೆ ಗುಣ ಮಾಡುವ ಔಷಧಿಯಿಲ್ಲ, ಲಸಿಕೆ ಹಾಕಿಸದ ಹಿಂಡನ್ನೇ ಬರಿದು ಮಾಡಬಲ್ಲದು. ಆದರೂ ಕೆಲವು ಉಳಿಯುತ್ತವೆ. ನಮ್ಮಲ್ಲಿ ಒಂದು ಹೇಟೆಗೆ ಕತ್ತು ಪೂರ್ತಿ ಹಿಂದಕ್ಕೆ ತಿರುಗಿ, ಕಾಳಿಗೆ ಗುರಿಯಿಟ್ಟು ಕುಕ್ಕಲೂ ಆಗುತ್ತಿರಲಿಲ್ಲ. ನಮ್ಮತ್ತೆ ದಿನವೂ ಮಡಿಲಲ್ಲಿಟ್ಟುಕೊಂಡು ರಾಗಿ ಗಂಜಿ, ಬೆಂದ ಮೊಟ್ಟೆಯ ಹಳದಿ ಕಲಸಿ ಚಿಟಿಕೆ ಚಿಟಿಕೆಯಾಗಿ ತಿನ್ನಿಸಿದರು. ಕತ್ತು ಸ್ವಲ್ಪ ಸೊಟ್ಟಗೇ ಉಳಿಯಿತು, ಹೇಟೆ ಆಮೇಲೆ ಮೊಟ್ಟೆಯಿಟ್ಟು ಮರಿಯನ್ನೂ ಮಾಡಿತು. ನಿಮ್ಮದೂ ನೀರು ನುಂಗಲು ಶುರು ಮಾಡಿದ ಮೇಲೆ ಇಂಥದೇ ಮೆತ್ತನೆಯ ಆಹಾರ ಕೊಡಿ. ನೀರನ್ನೇ ನುಂಗದ ಕೋಳಿಗೆ ಗಟ್ಟಿ ಏನನ್ನೂ ತುರುಕಬೇಡಿ.

ಮನೆಯಲ್ಲಿರುವ ಮನುಷ್ಯರ ಆಂಟಿಬಯೋಟಿಕ್ ಮಾತ್ರೆಯನ್ನು ಮುರಿದು ಕೊಡುವುದು ಬೇಡ. ವೈರಸ್ಸಿಗೆ ಅದು ನಾಟುವುದಿಲ್ಲ, ಬೇರೆ ರೋಗವಾಗಿದ್ದರೂ ಅಳತೆ ನಮಗೆ ತಿಳಿಯದು. ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಅಥವಾ 1962ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಸಂಚಾರಿ ಪಶು ಚಿಕಿತ್ಸೆಯ ನಂಬರು. ಒಂದು ಕೋಳಿಗಾಗಿ ಬಂದಿರಾ ಎಂದು ಯಾರಾದರೂ ನಕ್ಕರೆ ಸಂಕೋಚಪಡಬೇಡಿ. ಆ ಬಿಳಿ ಬಟ್ಟೆಯ ಮೇಲಿನ ಹೊಸ ಹಿಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ ಒಯ್ಯಿರಿ, ಜಂತುವೋ ರಕ್ತಭೇದಿಯೋ ಇದ್ದರೆ ಸೂಕ್ಷ್ಮದರ್ಶಕದಲ್ಲಿ ಸಿಗುತ್ತದೆ. ಔಷಧಿ ಕೊಟ್ಟರೆ ಎಷ್ಟು ದಿನ ಅದರ ಮೊಟ್ಟೆ ತಿನ್ನಬಾರದೆಂದು ಕೇಳಿಕೊಳ್ಳಿ.

ಕುತ್ತಿಗೆ ನೇತುಬಿದ್ದು, ಉಸಿರಿಗೆ ಒದ್ದಾಡುತ್ತ, ಹನಿ ನೀರೂ ಇಳಿಯದೆ ಇದ್ದರೆ ಡಾಕ್ಟರನ್ನು ನೋವಿಲ್ಲದೆ ಮುಗಿಸಲು ಕೇಳುವುದು ತಪ್ಪಲ್ಲ. ಅದನ್ನೂ ಆರೈಕೆ ಎಂದೇ ನಾನು ತಿಳಿದಿದ್ದೇನೆ. ಸತ್ತರೆ, ಕಾರಣ ತಿಳಿಯಬೇಕೆನಿಸಿದರೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸ್ ಜೊತೆಗಿಟ್ಟು ಅಂದೇ ಪಶು ಆಸ್ಪತ್ರೆಗೆ ಕೊಡಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಕಡೆಯವರಿಗೆ ಪಶುವೈದ್ಯ ಕಾಲೇಜುಗಳೂ ಇವೆ. ಇಲ್ಲವಾದರೆ ಬಾವಿಯಿಂದ ದೂರ, ಮೂರಡಿ ಆಳದಲ್ಲಿ ಸುಣ್ಣ ಹಾಕಿ ಹೂಳಿ. ಒಂದೇ ದಿನ ಹಲವು ಕೋಳಿ ದಿಢೀರನೆ ಸತ್ತರೆ ಮಾತ್ರ ಯಾವುದನ್ನೂ ಮುಟ್ಟದೆ, ಸಾಗಿಸದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ, ಅದು ಹಕ್ಕಿ ಜ್ವರವೂ ಇರಬಹುದು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿ ಜ್ವರ ದೃಢಪಟ್ಟಿತ್ತು.

ಉಳಿದ ಐದಕ್ಕೆ ಮೇವು ನೀರು ಮೊದಲು, ಕಾಯಿಲೆಯದಕ್ಕೆ ಆಮೇಲೆ, ಚಪ್ಪಲಿಯೂ ಬೇರೆ ಇರಲಿ. ಅವು ಗಟ್ಟಿಮುಟ್ಟಾಗಿದ್ದರೆ ರಾಣಿಖೇತ್ ಲಸಿಕೆ ಯಾವಾಗ ಹಾಕಿಸಬಹುದೆಂದು ಅದೇ ಡಾಕ್ಟರನ್ನು ಕೇಳಿ. ಮರಿಗಳಾದರೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸೋಟಾ ಎಂಬ ಲಸಿಕೆಯ ಹನಿ, ಎಂಟು ವಾರ ತುಂಬಿದ ಮೇಲೆ ಆರ್‌-2ಬಿ ಚುಚ್ಚುಮದ್ದು. ಲಸಿಕೆಯ ಸೀಸೆ ನೂರಾರು ಕೋಳಿಗೆ ಆಗುವಷ್ಟು ಬರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಐದೇ ಕೋಳಿಗೆ ಒಡೆಯಲು ಆಸ್ಪತ್ರೆಯವರು ಹಿಂಜರಿಯುವುದು ಅದಕ್ಕೇ. ಕೊಯ್ದುಬಿಡಿ ಎಂದ ಪಕ್ಕದ ಮನೆಯವರ ಕೋಳಿ, ಬೀದಿಯ ಉಳಿದವರ ಕೋಳಿ ಎಲ್ಲ ಸೇರಿಸಿ ಒಂದು ಬೆಳಿಗ್ಗೆ ಗೊತ್ತು ಮಾಡಿಕೊಳ್ಳಿ. ಗೂಡಿನಿಂದ ಬಿಡುವ ಮೊದಲೇ ಆದರೆ ಹಿಡಿಯುವುದೂ ಸುಲಭ.