ಒಂಬತ್ತನೇ ದಿನಕ್ಕೆ ಬಿಟ್ಟ ಮಾತ್ರೆ

ಪ್ರಶ್ನೆ: ನನಗೆ 31 ವರ್ಷ. ನಾಲ್ಕೈದು ತಿಂಗಳ ಹಿಂದೆ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇ ಹೋಗುತ್ತೇನೆ ಅನ್ನಿಸಿತು. ಆಮೇಲೂ ಹಲವು ಸಲ ಹೀಗಾಗಿದೆ. ಇಸಿಜಿ, ಥೈರಾಯ್ಡ್ ಎಲ್ಲ ಸರಿಯಿದೆ. ಪ್ಯಾನಿಕ್ ಡಿಸಾರ್ಡರ್ (ಇದ್ದಕ್ಕಿದ್ದಂತೆ ಮರುಕಳಿಸುವ ತೀವ್ರ ಗಾಬರಿಯ ಕಾಯಿಲೆ) ಎಂದು ಮನೋವೈದ್ಯರು ನಿಧಾನವಾಗಿ ಕೆಲಸ ಮಾಡುವ ಎಸಿಟಲೋಪ್ರಾಮ್, ಜೊತೆಗೆ ಎರಡು ವಾರದ ಮಟ್ಟಿಗೆ ಗಾಬರಿಯನ್ನು ಬೇಗ ತಗ್ಗಿಸುವ ಕ್ಲೊನಾಜೆಪಾಮ್ ಬರೆದುಕೊಟ್ಟರು. ಮೊದಲನೆಯದರಿಂದ ವಾಕರಿಕೆ, ಚಡಪಡಿಕೆ ಹೆಚ್ಚಾಗಿ ಒಂಬತ್ತನೇ ದಿನಕ್ಕೆ ಬಿಟ್ಟೆ. ಎರಡನೆಯದನ್ನು ಮೂರು ತಿಂಗಳಿಂದ ದಿನವೂ ನುಂಗುತ್ತಿದ್ದೇನೆ, ಪರ್ಸಿನಲ್ಲೂ ಒಂದು ಇರುತ್ತದೆ. ಬಸ್ ಹತ್ತುವುದನ್ನೇ ಬಿಟ್ಟಿದ್ದೇನೆ. "ಮಾತ್ರೆ ಚಟ ಹಿಡಿಯುತ್ತೆ, ಎಲ್ಲ ಬಿಟ್ಟುಬಿಡು" ಎನ್ನುತ್ತಾರೆ ಅಮ್ಮ. ಏನು ಮಾಡಲಿ?

ಉತ್ತರ: ದಯವಿಟ್ಟು ಅಮ್ಮನ ಮಾತು ಕೇಳಿ ಇವತ್ತೇ ಕ್ಲೊನಾಜೆಪಾಮ್ ನಿಲ್ಲಿಸಬೇಡಿ. ಮೂರು ತಿಂಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಏಕಾಏಕಿ ಬಿಟ್ಟರೆ ನಿದ್ದೆ ಕೆಟ್ಟು, ಕೈ ನಡುಗಿ, ಗಾಬರಿ ದುಪ್ಪಟ್ಟಾಗಬಹುದು. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವೈದ್ಯರೇ ವಾರಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಇಳಿಸಬೇಕು. ಅಲ್ಲಿಯವರೆಗೆ ಮದ್ಯ ಮುಟ್ಟಬೇಡಿ.

ಆದರೂ ಅಮ್ಮನ ಆತಂಕ ಸುಳ್ಳಲ್ಲ. ಚಟ ಹಿಡಿಯುವ ಅಪಾಯ ಇರುವುದು ನೀವು ಇಟ್ಟುಕೊಂಡ ಮಾತ್ರೆಗೆ, ಬಿಟ್ಟ ಮಾತ್ರೆಗಲ್ಲ. ಎಸಿಟಲೋಪ್ರಾಮ್ ಮೊದಲ ಒಂದೆರಡು ವಾರ ಹೊಟ್ಟೆ ತೊಳಸಿ, ಚಡಪಡಿಕೆ ಹೆಚ್ಚಿಸುವುದು ಸಾಮಾನ್ಯ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಅಂದರೆ ನೀವು ಕಷ್ಟವನ್ನಷ್ಟೇ ಉಂಡು, ಫಲ ಬರುವ ಮುಂಚೆ ಎದ್ದುಬಂದಿರಿ. ವೈದ್ಯರಿಗೆ ಇದನ್ನು ಹೀಗೆಯೇ ಹೇಳಿ. ಪ್ಯಾನಿಕ್ ಇರುವವರಿಗೆ 5 ಮಿಲಿಗ್ರಾಂನಿಂದ ಶುರುಮಾಡಿ, ವಾರದ ಮೇಲೆ 10ಕ್ಕೆ ಏರಿಸುವ ರೂಢಿಯಿದೆ. ಒಗ್ಗದಿದ್ದರೆ ಸರ್ಟ್ರಲೀನ್‌ನಂಥ ಬೇರೆಯದಿದೆ. ಗುಣವಾದ ಮೇಲೂ ಆರು ತಿಂಗಳಿಂದ ವರ್ಷದವರೆಗೆ ಮುಂದುವರಿಸಿ, ನಿಧಾನವಾಗಿ ಇಳಿಸುತ್ತಾರೆ. ಜೀವನಪರ್ಯಂತ ನುಂಗಲೇಬೇಕೆಂದೇನಿಲ್ಲ. ಗರ್ಭಿಣಿಯಾಗುವ ಯೋಚನೆಯಿದ್ದರೆ ಮೊದಲೇ ತಿಳಿಸಿ. ಸಾಯುವ ಯೋಚನೆ ಸುಳಿದರೆ ಅದೇ ದಿನ ವೈದ್ಯರನ್ನು ಕಾಣಿ.

ಮಾತ್ರೆಯೇ ಬೇಡವೆಂದರೂ ದಾರಿಯಿದೆ: ಯೋಚನೆ, ನಡವಳಿಕೆಗಳನ್ನು ಬದಲಿಸಲು ಕಲಿಸುವ ಸಿಬಿಟಿ ಎಂಬ ಮನೋಚಿಕಿತ್ಸೆ, ವಾರಕ್ಕೊಂದರಂತೆ ಸುಮಾರು 12ರಿಂದ 16 ಭೇಟಿ. ಪ್ಯಾನಿಕ್‌ಗೆ ಅದೊಂದೇ ಸಾಕಾಗುವವರು ಬಹಳ ಜನ. ಬಸ್ ಹತ್ತುವುದೇ ನಿಂತಿರುವ ನಿಮಗೆ ಎಸಿಟಲೋಪ್ರಾಮ್‌ನಂಥ ಮಾತ್ರೆ, ಸಿಬಿಟಿ ಎರಡೂ ಜೊತೆಗಿರಲಿ ಎಂಬುದು ನಮ್ಮ ಅಭಿಪ್ರಾಯ. ಥೆರಪಿಸ್ಟ್‌ರನ್ನು ಮೊದಲೇ ಕೇಳಿ: "ಭಯಪಡುವುದನ್ನೇ ಎದುರಿಸುವ ಅಭ್ಯಾಸ ಮಾಡಿಸುತ್ತೀರಾ?" ಬರೀ ಮಾತು, ಸಮಾಧಾನದಲ್ಲೇ ತಿಂಗಳುಗಳು ಕಳೆದರೆ ನಿಮ್ಮ ಬಸ್ಸಿನ ಭಯ ಹೋಗುವುದಿಲ್ಲ.

ಆ ಅಭ್ಯಾಸ ಹೀಗಿರುತ್ತದೆ. ನಿಂತಲ್ಲೇ ಒಂದು ನಿಮಿಷ ಓಡಬೇಕು. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತಬೇಕು. ತೆಳುವಾದ ಸ್ಟ್ರಾ ಮೂಲಕವಷ್ಟೇ ಉಸಿರಾಡಬೇಕು. ಬಸ್ಸಿನಲ್ಲಾದ ಅದೇ ಎದೆಬಡಿತ, ಅದೇ ತಲೆಸುತ್ತು ಬರುತ್ತದೆ. ನೀರು ಕುಡಿಯದೆ, ಯಾರ ಕೈಯನ್ನೂ ಹಿಡಿಯದೆ ಅದು ತಾನಾಗಿ ಇಳಿಯುವುದನ್ನು ನೋಡುತ್ತ ಕೂರಬೇಕು. (ಆಸ್ತಮಾ, ಹೃದಯದ ತೊಂದರೆ, ಫಿಟ್ಸ್ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.) ಆಮೇಲೆ ಬಸ್: ಮೊದಲು ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ನಿಲ್ಲುವುದು, ಜೊತೆಯವರೊಂದಿಗೆ ಒಂದು ಸ್ಟಾಪ್, ಒಬ್ಬರೇ ಒಂದು ಸ್ಟಾಪ್, ಕೊನೆಗೆ ಜನ ತುಂಬಿದ ಬಸ್.

ಬಹುಪಾಲು ಜನ ಎಡವುವುದು ಒಂದೇ ಕಡೆ. ಭಯ ತುತ್ತತುದಿಗೇರಿದಾಗ ಇಳಿದುಬಿಡುತ್ತಾರೆ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನೇ ಇಳಿಯುತ್ತದೆ. ಮಧ್ಯದಲ್ಲಿ ಇಳಿದರೆ "ಇಳಿದದ್ದಕ್ಕೇ ಬದುಕಿದೆ" ಎಂದು ಮೆದುಳು ನಂಬುತ್ತದೆ. ಪರ್ಸಿನಲ್ಲಿರುವ ಮಾತ್ರೆಯೂ ಅದೇ ಕೆಲಸ ಮಾಡುತ್ತಿದೆ, ನುಂಗದಿದ್ದರೂ. ಅದನ್ನು ಮನೆಯಲ್ಲೇ ಬಿಟ್ಟು ಹೊರಡುವುದನ್ನೂ ಅಭ್ಯಾಸದ ಒಂದು ಮೆಟ್ಟಿಲಾಗಿ ಥೆರಪಿಸ್ಟ್ ಜೊತೆ ಕೂತು ಬರೆದುಕೊಳ್ಳಿ. ಪ್ರತಿ ಸಲ ಬಸ್ ಹತ್ತಿದಾಗ ಭಯ ಹತ್ತಕ್ಕೆ ಎಷ್ಟು ಎಂದು ಐದೈದು ನಿಮಿಷಕ್ಕೊಮ್ಮೆ ಚೀಟಿಯಲ್ಲಿ ಗುರುತಿಸಿ, ಮುಂದಿನ ಭೇಟಿಗೆ ಆ ಚೀಟಿ ತೆಗೆದುಕೊಂಡು ಹೋಗಿ.