ವಿಕರ್ಸ್ 'ಡೆಸ್ಟ್ರಾಯರ್': ಪ್ರೊಪೆಲ್ಲರ್ ಹಿಂದೆ ಏಕೆ?

ಬ್ರಿಟನ್ನಿನ ವಿಕರ್ಸ್ ಕಂಪನಿಯ ಇ.ಎಫ್.ಬಿ.1 'ಡೆಸ್ಟ್ರಾಯರ್' ಯುದ್ಧವಿಮಾನದ ಪ್ರೊಪೆಲ್ಲರ್ ಹಿಂದಿದೆ, ಬಾಲ ಬರಿಯ ಕಂಬಿಗಳ ಮೇಲೆ ನಿಂತಿದೆ, ಹೀಗೇಕೆ ಅಂತ ಕೇಳಿದ್ದೀರಿ. ಕಾರಣ ಮಷಿನ್‌ಗನ್. 1913ರಲ್ಲಿ ಲಂಡನ್ನಿನ ಒಲಿಂಪಿಯಾ ವಿಮಾನ ಪ್ರದರ್ಶನದಲ್ಲಿ ಇಟ್ಟಾಗ ಇದರ ಮೂತಿಯಲ್ಲಿ ಮ್ಯಾಕ್ಸಿಮ್ ಗನ್ ಇತ್ತು. ತಿರುಗುವ ಅಲಗುಗಳ ನಡುವಿನಿಂದ ಗುಂಡು ಹಾರಿಸುವ ಗೇರ್ ಯುದ್ಧರಂಗಕ್ಕೆ ಬಂದದ್ದು 1915ರಲ್ಲಿ. ಅಲ್ಲಿಯವರೆಗೆ ಮುಂದೆ ಗುರಿಯಿಡಬೇಕಾದರೆ ಎಂಜಿನ್ ಹಿಂದಕ್ಕೆ ಹೋಗಬೇಕು. ಅಲ್ಲಿ ಪ್ರೊಪೆಲ್ಲರ್ ತಿರುಗಲು ಜಾಗ ಬೇಕಲ್ಲ? ಅದಕ್ಕೇ ಮೈಯನ್ನು ಸಿಬ್ಬಂದಿ ಕೂರುವ ತೊಟ್ಟಿಯಷ್ಟಕ್ಕೆ ಮೊಟಕುಗೊಳಿಸಿ, ಎರಡೂ ಪಕ್ಕದಿಂದ ಬೂಮ್ ಎಂಬ ಉದ್ದ ಕಂಬಿಗಳನ್ನು ಹಾಯಿಸಿ ಬಾಲಕ್ಕೆ ಸೇರಿಸಿದರು.

ಇದಕ್ಕೆ ಬೆಲೆಯೂ ತೆರಬೇಕಿತ್ತು. ಬೂಮ್, ಅಡ್ಡಕಂಬಿ, ಬಿಗಿತಂತಿ ಎಲ್ಲವೂ ಗಾಳಿಗೆ ಅಡ್ಡ. ತೊಟ್ಟಿಯಿಂದ ಹಾರಿಬಿದ್ದ ಖಾಲಿ ಕಾಡತೂಸು ಸೀದಾ ಅಲಗಿಗೆ ಬಡಿಯಬಹುದು. ಮೂತಿ ಕೆಳಗಾಗಿ ನೆಲಕ್ಕಪ್ಪಳಿಸಿದರಂತೂ ಬೆನ್ನ ಹಿಂದಿನ ಎಂಜಿನ್ ಸಿಬ್ಬಂದಿಯ ಮೇಲೇ. ಮ್ಯಾಕ್ಸಿಮ್‌ನ ಗುಂಡಿನ ಪಟ್ಟಿಯೂ ತೊಡಕೇ; ಮುಂದೆ ಇದೇ ಸಾಲಿನ ಎಫ್.ಬಿ.5 'ಗನ್‌ಬಸ್'ಗೆ 47 ಗುಂಡಿನ ಡ್ರಮ್ ಇರುವ ಲೂಯಿಸ್ ಗನ್ ಬಂತು.

ಮಾಡೆಲ್ ಕಟ್ಟುವುದಾದರೆ ಮೊದಲು ಪ್ರೊಪೆಲ್ಲರ್ ವೃತ್ತ ಗೀಚಿ, ಬೂಮ್ ತಾಗದೆಂದು ಖಾತ್ರಿ ಮಾಡಿಕೊಳ್ಳಿ. ಅಂಟು ಒಣಗುವವರೆಗೂ ಬೂಮ್‌ಗಳನ್ನು ಹಲಗೆಗೆ ಗುಂಡುಸೂಜಿಯಿಂದ ಹಿಡಿದಿಡಿ. ಒಂದು ಕೂದಲೆಳೆ ಬಾಗಿದರೂ ಬಾಲ ಓರೆಯಾಗುತ್ತದೆ.