ಟ್ರೋಪೋನಿನ್ ಸ್ನಾಯುವಿನಲ್ಲಿ ಏನು ಮಾಡುತ್ತದೆ?

ಪ್ರಶ್ನೆ: ಎದೆನೋವೆಂದು ಆಸ್ಪತ್ರೆಗೆ ಸೇರಿಸಿದಾಗ ನಮ್ಮ ತಂದೆಯವರಿಗೆ ಕೆಲವು ಗಂಟೆಗಳ ಅಂತರದಲ್ಲಿ ಎರಡು ಬಾರಿ ಟ್ರೋಪೋನಿನ್ ರಕ್ತಪರೀಕ್ಷೆ ಮಾಡಿದರು. ಅದು ಸ್ನಾಯುವಿನ ಪ್ರೋಟೀನ್ ಎಂದಷ್ಟೇ ತಿಳಿಯಿತು. ಅದರ ಕೆಲಸವೇನು? ಪರೀಕ್ಷೆ ಎರಡು ಬಾರಿ ಏಕೆ?

ಉತ್ತರ: ಸ್ನಾಯುಕೋಶದೊಳಗೆ ಎರಡು ಪ್ರೋಟೀನ್‌ಗಳ ಎಳೆಗಳು, ಅಂದರೆ ಆಕ್ಟಿನ್‌ನ ತೆಳು ಎಳೆಗಳೂ ಮಯೋಸಿನ್‌ನ ದಪ್ಪ ಎಳೆಗಳೂ ಒಂದರ ನಡುವೆ ಒಂದು ಸೇರಿಕೊಂಡಿರುತ್ತವೆ. ಮಯೋಸಿನ್‌ನ ತಲೆಗಳು ಆಕ್ಟಿನ್ನನ್ನು ಹಿಡಿದೆಳೆದಾಗ ಎಳೆಗಳು ಜಾರಿ ಸ್ನಾಯು ಕುಗ್ಗುತ್ತದೆಯೇ ಹೊರತು ಎಳೆಗಳೇನೂ ಗಿಡ್ಡವಾಗುವುದಿಲ್ಲ. 1954ರಲ್ಲಿ ಇದನ್ನು ಪ್ರತಿಪಾದಿಸಿದ ಎರಡು ತಂಡಗಳಲ್ಲೂ ಹಕ್ಸ್ಲಿ ಎಂಬ ಹೆಸರಿನ ಒಬ್ಬೊಬ್ಬ ವಿಜ್ಞಾನಿ ಇದ್ದರು. ಆದರೆ ಆಂಡ್ರ್ಯೂ ಹಕ್ಸ್ಲಿ ಮತ್ತು ಹ್ಯೂ ಹಕ್ಸ್ಲಿ ಬಂಧುಗಳಲ್ಲ.

ಹಾಗಾದರೆ ಸ್ನಾಯು ವಿಶ್ರಾಂತಿಯಲ್ಲಿರುವಾಗ ಮಯೋಸಿನ್ ಸುಮ್ಮನಿರುವುದು ಹೇಗೆ? ಆಕ್ಟಿನ್ ಎಳೆಯ ಉದ್ದಕ್ಕೂ ಟ್ರೋಪೋಮಯೋಸಿನ್ ಎಂಬ ನೀಳ ಪ್ರೋಟೀನ್ ಹಬ್ಬಿಕೊಂಡಿದ್ದು, ಅದರ ಒಂದೊಂದು ಅಣುವೂ ಏಳು ಆಕ್ಟಿನ್ ಘಟಕಗಳಷ್ಟು ದೂರ ಚಾಚಿ, ಮಯೋಸಿನ್ ಹಿಡಿಯಬೇಕಾದ ಜಾಗಗಳಿಗೆ ಅಡ್ಡವಾಗಿರುತ್ತದೆ. ಈ ಅಡ್ಡಿಯನ್ನು ಸರಿಸುವ ಅಧಿಕಾರ ಟ್ರೋಪೋನಿನ್‌ಗೆ ಸೇರಿದ್ದು. ಜಪಾನಿನ ಸೆತ್ಸುರೊ ಎಬಾಶಿ ಮತ್ತು ಸಂಗಡಿಗರು 1960ರ ದಶಕದಲ್ಲಿ ಕಂಡುಹಿಡಿದ ಇದು ಮೂರು ಪ್ರೋಟೀನ್‌ಗಳ ಕೂಟ: ‘ಟಿ’ ಟ್ರೋಪೋಮಯೋಸಿನ್‌ಗೆ ಅಂಟಿಕೊಂಡಿರುತ್ತದೆ, ‘ಐ’ ಆಕ್ಟಿನ್ನನ್ನು ಹಿಡಿದು ಸಂಕೋಚನವನ್ನು ತಡೆಯುತ್ತದೆ, ‘ಸಿ’ ಕ್ಯಾಲ್ಸಿಯಂಗಾಗಿ ಕಾಯುತ್ತದೆ. ವಿದ್ಯುತ್ ಸಂಕೇತ ಬಂದೊಡನೆ ಕೋಶದೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಅದು ತಗುಲಿದಾಗ ‘ಸಿ’ ತನ್ನ ಆಕಾರವನ್ನು ಬದಲಿಸಿ ‘ಐ’ಯನ್ನು ಆಕ್ಟಿನ್‌ನಿಂದ ಬಿಡಿಸಿ ತನ್ನತ್ತ ಸೆಳೆದುಕೊಳ್ಳುತ್ತದೆ, ಟ್ರೋಪೋಮಯೋಸಿನ್ ಬದಿಗೆ ಸರಿಯುತ್ತದೆ. ಆದರೆ ಕ್ಯಾಲ್ಸಿಯಂ ಒಂದರಿಂದಲೇ ಜಾಗ ಪೂರ್ತಿ ತೆರವಾಗದು. ಮೊದಲು ಅಂಟಿದ ಮಯೋಸಿನ್ ತಲೆಗಳೇ ಅಡ್ಡಿಯನ್ನು ಇನ್ನಷ್ಟು ಸರಿಸಿ ನೆರೆಯ ತಲೆಗಳಿಗೆ ದಾರಿ ಮಾಡಿಕೊಡುತ್ತವೆ. ಕ್ಯಾಲ್ಸಿಯಂ ಚೀಲಕ್ಕೆ ಮರಳಿದಾಗ ಸ್ನಾಯು ಸಡಿಲವಾಗುತ್ತದೆ. ಅದನ್ನು ಮರಳಿ ತುಂಬುವುದಕ್ಕೂ ಕೋಶದ ಇಂಧನವಾದ ಎಟಿಪಿ ಖರ್ಚಾಗುವುದರಿಂದ, ಸಡಿಲವಾಗುವುದೂ ಬಿಟ್ಟಿ ಕೆಲಸವಲ್ಲ.

ಹೃದಯದ ‘ಐ’ಗೆ ಒಂದು ವಿಶೇಷವಿದೆ. ಅಡ್ರಿನಲಿನ್ ಪ್ರಭಾವದಿಂದ ಅದಕ್ಕೆ ಫಾಸ್ಫೇಟ್ ಸೇರಿದರೆ ‘ಸಿ’ ಕ್ಯಾಲ್ಸಿಯಂ ಅನ್ನು ಬೇಗ ಬಿಟ್ಟುಕೊಡುತ್ತದೆ. ಹೀಗಾಗಿ ಬಡಿತ ಜೋರಾದಾಗಲೂ ಹೃದಯ ಬೇಗ ಸಡಿಲಗೊಂಡು ರಕ್ತ ತುಂಬಿಕೊಳ್ಳಬಲ್ಲದು.

ಹೃದಯದ ‘ಐ’ ಮತ್ತು ‘ಟಿ’ ಕೈಕಾಲಿನ ಸ್ನಾಯುಗಳಲ್ಲಿರುವವುಗಳಿಗಿಂತ ಭಿನ್ನವಾದ್ದರಿಂದ ಪರೀಕ್ಷೆಯಲ್ಲಿ ಅವುಗಳಲ್ಲೊಂದನ್ನು ಅಳೆಯುತ್ತಾರೆ. ಹೃದಯದ ಕೋಶಗಳಿಗೆ ಪೆಟ್ಟು ಬಿದ್ದಾಗ ಇವು ಸೋರಿ ರಕ್ತಕ್ಕೆ ಸೇರುತ್ತವೆ, ಆದರೆ ಪ್ರಮಾಣ ಏರಲು ಸಮಯ ಬೇಕು. ಮೂತ್ರಪಿಂಡದ ಕಾಯಿಲೆಯಲ್ಲೂ ಮಟ್ಟ ಹೆಚ್ಚಿರಬಹುದು, ಆದರೆ ಅಲ್ಲಿ ಅದು ಸಾಮಾನ್ಯವಾಗಿ ಹೆಚ್ಚು ಏರಿಳಿತವಿಲ್ಲದೆ ಇರುತ್ತದೆ. ಈ ವ್ಯತ್ಯಾಸ ತಿಳಿಯಲೆಂದೇ ವೈದ್ಯರು ಎರಡನೆಯ ಬಾರಿ ರಕ್ತ ತೆಗೆದು, ಇಸಿಜಿಯೊಂದಿಗೆ ಹೋಲಿಸಿ ನೋಡುತ್ತಾರೆ.